ಪದಚರ್ಚೆ: ಪ್ರಿಟೋರಿಯಾದ ‘ಫ್ರೀಡಂ ಪಾರ್ಕ್’ – ಉದ್ಯಾನ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮಕ್ಕಳ ಮಾಸಿಕವೊಂದಕ್ಕೆ ದಕ್ಷಿಣ ಆಫ್ರಿಕಾದ ಫ್ರೀಡಂ ಪಾರ್ಕ್ ಕುರಿತು ಎಂಟು ಪುಟಗಳ ಬರಹ ಸಿದ್ಧಪಡಿಸುತ್ತಿದ್ದೇನೆ. ಹೋದ ವರ್ಷ ತಂಗಿಯ ಮಗಳ ಮನೆಗೆಂದು ಪ್ರಿಟೋರಿಯಾಕ್ಕೆ ಹೋದಾಗ ಅಲ್ಲಿ ಒಂದು ಇಡೀ ಹಗಲು ಕಳೆದಿದ್ದೆ. ಬರಹದ ಮೊದಲ ಸಾಲನ್ನು ಹೀಗೆ ಬರೆದೆ: ‘ಸ್ವಾತಂತ್ರ್ಯ ಹೋರಾಟದ ಹುತಾತ್ಮರ ನೆನಪಿಗಾಗಿ ನಿರ್ಮಿಸಿದ ರಾಷ್ಟ್ರೀಯ ಪಾರಂಪರಿಕ ಉದ್ಯಾನ.’ ವ್ಯಾಕರಣ ಸರಿಯಿದೆ, ಪದಗಳೆಲ್ಲ ನಿಘಂಟಿನಲ್ಲಿವೆ. ಆದರೆ ಪಕ್ಕದ ಮನೆಯ ಆರನೇ ತರಗತಿಯ ಹುಡುಗಿಗೆ ಓದಲು ಕೊಟ್ಟಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಅಲ್ಲಿ ಹುಲಿ ಇದೆಯಾ ಆಂಟಿ?’ ಅವಳು ನೋಡಿರುವ ‘ರಾಷ್ಟ್ರೀಯ ಉದ್ಯಾನ’ ನಾಗರಹೊಳೆ ಮತ್ತು ಬನ್ನೇರುಘಟ್ಟ. ಅವಳು ಕೇಳಿದ್ದು ನ್ಯಾಯವಾಗಿಯೇ ಇದೆ. ಅಂದಿನಿಂದ ಆ ಸಾಲಿನ ಒಂದೊಂದು ಪದವನ್ನೂ ತೆಗೆದು ನೋಡುತ್ತಿದ್ದೇನೆ. ಯಾವುದೂ ಆ ಜಾಗಕ್ಕೆ ಕೂರುತ್ತಿಲ್ಲ. ನಿಮ್ಮ ನೆರವು ಬೇಕು.

ಮೊದಲು ಜಾಗದ ಬಗ್ಗೆ. ಪ್ರಿಟೋರಿಯಾ ನಗರದ ದಕ್ಷಿಣ ಬಾಗಿಲಿನಂತಿರುವ ಸಾಲ್ವೊಕಾಪ್ ಎಂಬ ಗುಡ್ಡದ ಮೇಲೆ 52 ಹೆಕ್ಟೇರುಗಳಲ್ಲಿ ಇದು ಹಬ್ಬಿದೆ. 1999ರ ಏಪ್ರಿಲ್ 27ರಂದು ನೆಲ್ಸನ್ ಮಂಡೇಲಾ ಮಾಡಿದ ಭಾಷಣದಲ್ಲಿ ಇದರ ಬೀಜವಿದೆ. ನಾವು ಬಿಡುಗಡೆಯ ಸುಖ ಉಣ್ಣಲೆಂದು ನೋವುಂಡವರನ್ನು ತಕ್ಕ ಗೌರವದಿಂದ ನೆನೆಯುವ ಜನರ ಗುಡಿಯೊಂದು, ಒಂದು ಫ್ರೀಡಂ ಪಾರ್ಕ್, ಆಗುವ ದಿನ ದೂರವಿರಬಾರದು ಎಂಬುದು ಅವರ ಮಾತಿನ ತಿರುಳು. ಗಮನಿಸಿ, ಅವರ ಬಾಯಲ್ಲಿ ‘ಪಾರ್ಕ್’ ಎಂಬ ಪದಕ್ಕಿಂತ ಮೊದಲು ಬಂದದ್ದು ಗುಡಿ ಎಂಬ ಅರ್ಥದ ಪದ. ಮುಂದೆ ಕವಿ ಮೊಂಗಾನೆ ವಾಲಿ ಸೆರೋಟೆ ಇದರ ಮುಖ್ಯಸ್ಥರಾಗಿದ್ದರು. ಕವಿಯೊಬ್ಬರು ಹೊಣೆ ಹೊತ್ತದ್ದಕ್ಕೋ ಏನೋ, ಅಲ್ಲಿ ಹೆಸರುಗಳ ಬಗ್ಗೆ ಬಹಳ ಕಾಳಜಿಯಿದೆ. ಒಂದೊಂದು ಭಾಗಕ್ಕೂ ಆ ನಾಡಿನ ಒಂದೊಂದು ಭಾಷೆಯಿಂದ ಹೆಸರು ಆರಿಸಿದ್ದಾರೆ. ಇಂಗ್ಲಿಷಿಗೆ ತಿರುಗಿಸಿ ಸಪಾಟು ಮಾಡಿಲ್ಲ.

ಹಾಗಿರುವಾಗ ‘ಉದ್ಯಾನ’ ಎಂದರೆ ಏನುಳಿಯುತ್ತದೆ? ನಮ್ಮ ಕಿವಿಯಲ್ಲಿ ಉದ್ಯಾನವೆಂದರೆ ಸಂಜೆಯ ವಾಯುವಿಹಾರ, ಹೂವಿನ ಪಾತಿ, ಕಡಲೆಕಾಯಿ ಪೊಟ್ಟಣ. ‘ಸ್ವಾತಂತ್ರ್ಯ ಉದ್ಯಾನ’ ಎಂದರಂತೂ ಓದುಗರು ನೇರವಾಗಿ ಬೆಂಗಳೂರಿನ ಹಳೆಯ ಸೆರೆಮನೆಯ ಜಾಗಕ್ಕೆ, ಧರಣಿ ಕೂತವರ ನಡುವೆ ಹೋಗಿ ನಿಲ್ಲುತ್ತಾರೆ. ಆ ಜಾಗಕ್ಕೂ ತನ್ನದೇ ದೊಡ್ಡ ಚರಿತ್ರೆಯಿದೆ. ಆದರೆ ಇದು ಅದಲ್ಲ. ‘ಸ್ಮಾರಕ’ ಎಂದರೆ ಕಂಬವೋ ಪ್ರತಿಮೆಯೋ ಕಣ್ಣ ಮುಂದೆ ಬರುತ್ತದೆ. 52 ಹೆಕ್ಟೇರಿನ ಗುಡ್ಡ ಬರುವುದಿಲ್ಲ.

ನನಗೆ ಹೊಳೆದದ್ದು ‘ಬನ’. ಕರಾವಳಿಯ ನಾಗಬನದ ಬನ. ಮರ ಕಡಿಯಬಾರದು, ಚಪ್ಪಲಿ ಹಾಕಿಕೊಂಡು ಹೋಗಬಾರದು, ದನಿ ಏರಿಸಬಾರದು ಎಂಬ ಕಟ್ಟುಗಳೆಲ್ಲ ಆ ಎರಡಕ್ಷರದಲ್ಲಿ ಅಡಗಿವೆ. ಸಾಲ್ವೊಕಾಪಿನ ಮೇಲೂ ಹೀಗೇ. ಅಲ್ಲಿನ ಇಸಿವಿವಾನೆ ಎಂಬ ಭಾಗದ ಒಳಗೆ ಹೋಗುವಾಗ ಪಾದರಕ್ಷೆ ಬಿಡಬೇಕು, ಹೊರಬರುವಾಗ ಕೈ ತೊಳೆಯಬೇಕು. ಸಾವಿನ ಮನೆಯಿಂದ ಬಂದು ಕೈಕಾಲು ತೊಳೆದೇ ಒಳಗೆ ಕಾಲಿಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ‘ಬಿಡುಗಡೆಯ ಬನ’ ಎಂದು ಬರೆದುಕೊಂಡಿದ್ದೇನೆ. ಬಯಲುಸೀಮೆಯ ಮಗುವಿಗೆ ‘ಬನ’ದ ಈ ಅರ್ಥ ತಟ್ಟುತ್ತದೆಯೇ, ಅಥವಾ ಹೂಬನವೆಂದೇ ತಿಳಿಯುತ್ತದೆಯೇ ಎಂಬುದು ನನ್ನ ಅಳುಕು. ಕೊಡಗಿನವರ ‘ದೇವರಕಾಡು’ ಇನ್ನೂ ಖಚಿತ, ಆದರೆ ‘ಬಿಡುಗಡೆಯ ದೇವರಕಾಡು’ ಎಂದರೆ ಅರ್ಥ ಬೇರೆಲ್ಲಿಗೋ ಹೋಗುತ್ತದೆ.

ಎರಡನೆಯದು ‘ಸ್ವಾತಂತ್ರ್ಯ’. ಭಾರತದ ಓದುಗರಿಗೆ ಸ್ವಾತಂತ್ರ್ಯ ಹೋರಾಟವೆಂದರೆ ಹೊರಗಿನಿಂದ ಬಂದು ಆಳಿದವರನ್ನು ಕಳಿಸಿದ ಹೋರಾಟ. ದಕ್ಷಿಣ ಆಫ್ರಿಕಾ 1910ರಲ್ಲಿ ಒಕ್ಕೂಟವಾಯಿತು, 1961ರಲ್ಲಿ ಗಣರಾಜ್ಯವೂ ಆಯಿತು. ಆಗಲೂ ಆಳ್ವಿಕೆ ಅಲ್ಲಿನ ಬಿಳಿಯರ ಕೈಯಲ್ಲೇ ಇತ್ತು, ಕರಿಯರಲ್ಲಿ ಬಹುಪಾಲು ಜನರಿಗೆ ಮತದ ಹಕ್ಕಿರಲಿಲ್ಲ. ಎಲ್ಲರೂ ಸಾಲಿನಲ್ಲಿ ನಿಂತು ಮತ ಹಾಕಿದ್ದು 1994ರ ಏಪ್ರಿಲ್ 27ರಂದು. ಆ ನಾಡಿಗೆ ಹಬ್ಬವಾದದ್ದು ಆ ದಿನವೇ. ಅಲ್ಲಿನವರು ಆಡುವ ಮಾತಿಗೆ ‘ವಿಮೋಚನೆ’ಯೇ ಹತ್ತಿರ. ಈ ವ್ಯತ್ಯಾಸ ಕನ್ನಡಕ್ಕೆ ಹೊಸದೂ ಅಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಆಗಸ್ಟ್ 15 ಸ್ವಾತಂತ್ರ್ಯ ದಿನವಾದರೆ ಸೆಪ್ಟೆಂಬರ್ 17 ವಿಮೋಚನಾ ದಿನ. ದೇಶ ಸ್ವತಂತ್ರವಾದ ಮೇಲೂ ಬಿಡುಗಡೆಗೆ ಹದಿಮೂರು ತಿಂಗಳು ಕಾದ ಜನ ಆ ಎರಡು ಪದಗಳನ್ನು ಎಂದೂ ಬೆರೆಸಲಿಲ್ಲ. ಹಾಗಾಗಿ ‘ವಿಮೋಚನಾ ಹೋರಾಟ’ ಎಂದೇ ಬರೆಯಬೇಕೆಂದಿದ್ದೇನೆ. ಮಕ್ಕಳಿಗೆ ಕಷ್ಟವೆನಿಸಿದರೆ ‘ಬಿಡುಗಡೆಯ ಹೋರಾಟ’.

ಈಗ ನಿಜವಾಗಿ ನನ್ನನ್ನು ಕಟ್ಟಿಹಾಕಿರುವ ಪದ, ಇಸಿವಿವಾನೆ. ದಕ್ಷಿಣ ಆಫ್ರಿಕಾದ ಜುಲು ಜನರ ಮಾತು. ದಾರಿಹೋಕರು ಒಂದೊಂದೇ ಕಲ್ಲು ಎತ್ತಿ ಹಾಕಿ, ಕಾಲಾಂತರದಲ್ಲಿ ದಿಬ್ಬವಾಗಿ ಬೆಳೆದ ಕಲ್ಲಿನ ಗುಡ್ಡೆಗೆ ಹಾಗೆನ್ನುತ್ತಾರೆ. ಪಯಣ ಸುಖವಾಗಲಿ ಎಂಬ ಬೇಡಿಕೆಯೂ ಅದರಲ್ಲಿದೆ, ನಾನೂ ಈ ದಾರಿಯಲ್ಲಿ ನಡೆದೆ ಎಂಬ ಗುರುತೂ ಇದೆ. ಈ ಹೆಸರಿನ ಜಾಗದಲ್ಲಿ ದುಂಡಗೆ ಹನ್ನೊಂದು ಬಂಡೆಗಳನ್ನು ಇಟ್ಟಿದ್ದಾರೆ: ಒಂಬತ್ತು ಪ್ರಾಂತ್ಯಗಳಿಂದ ಒಂಬತ್ತು, ರಾಷ್ಟ್ರದ ಪರವಾಗಿ ಒಂದು, ಹೊರದೇಶಗಳ ಒಡನಾಡಿಗಳ ಪರವಾಗಿ ಒಂದು. ಬಂಡೆಗಳ ನಡುವಿನಿಂದ ಹೊಗೆಯಂತೆ ಸಣ್ಣನೆಯ ಮಂಜು ಏಳುತ್ತಿರುತ್ತದೆ. ಬರಿಗಾಲಿಗೆ ಆ ಕಲ್ಲುಹಾಸು ತಣ್ಣಗೆ ತಾಕಿದ್ದು ನನಗೆ ಇನ್ನೂ ನೆನಪಿದೆ. ನನ್ನ ಮುಂದಿದ್ದ ಅಜ್ಜಿಯೊಬ್ಬರು ಒಂದು ಬಂಡೆಯ ಹತ್ತಿರ ಬಗ್ಗಿ ಯಾರೊಡನೆಯೋ ಮಾತನಾಡುವಂತೆ ಮೆಲ್ಲಗೆ ಏನೋ ಹೇಳಿದರು.

ಈ ದುಂಡು ಆವರಣಕ್ಕೆ ಲೆಸಾಕಾ ಎಂದು ಹೆಸರು. ಸೆಟ್ಸ್ವಾನಾ ಭಾಷೆಯಲ್ಲಿ ದನ ಕೂಡುವ ಆವರಣ. ಅರಸು ಮನೆತನದವರನ್ನು ದನದ ಆವರಣದಲ್ಲಿ ಮಣ್ಣು ಮಾಡುವ ಪದ್ಧತಿ ಅಲ್ಲಿಯದು. ಆದ್ದರಿಂದ ಲೆಸಾಕಾ ಎಂದರೆ ಹಿರಿಯರು ಮಲಗಿದ ಜಾಗ. ನಾನು ನೋಡಿದ ಇಂಗ್ಲಿಷ್ ವಿವರಣೆಗಳಲ್ಲಿ ಇದನ್ನು ಸಮಾಧಿಸ್ಥಳ ಎಂದು ಮುಗಿಸಿದ್ದಾರೆ. ದನದ ವಾಸನೆ ಹೋಗಿಬಿಟ್ಟಿದೆ. ನನ್ನ ತಾಯಿಯ ತವರು ಚಳ್ಳಕೆರೆ ಸೀಮೆ. ಅಲ್ಲಿ ದೇವರ ಎತ್ತುಗಳನ್ನು ಕೂಡುವ ಮುಳ್ಳುಬೇಲಿಯ ಆವರಣಕ್ಕೆ ‘ರೊಪ್ಪ’ ಎನ್ನುತ್ತಾರೆ. ಸಣ್ಣವಳಿದ್ದಾಗ ಚಪ್ಪಲಿಯಲ್ಲಿ ಒಳಗೆ ಕಾಲಿಟ್ಟದ್ದಕ್ಕೆ ಸೋದರಮಾವ ಗದರಿದ್ದು ಲೆಸಾಕಾದ ಬಾಗಿಲಲ್ಲಿ ನೆನಪಾಯಿತು. ದನಕ್ಕೂ ದೈವಕ್ಕೂ ಒಂದೇ ಆವರಣ ಎಂಬ ತಿಳಿವು ನಮ್ಮ ಆ ಪದದಲ್ಲಿ ಜೀವಂತವಾಗಿದೆ. ಲೆಸಾಕಾಕ್ಕೆ ‘ಹಿರಿಯರ ರೊಪ್ಪ’ ಎಂದು ಕೊಟ್ಟರೆ ಚಿತ್ರದುರ್ಗದವರು ಒಪ್ಪುತ್ತಾರೆ ಎಂದುಕೊಂಡಿದ್ದೇನೆ. ಬೇರೆಯವರಿಗೆ ಕೊಟ್ಟಿಗೆ, ದೊಡ್ಡಿ ಎಂದರೆ ಮಾತ್ರ ತಿಳಿಯುವುದೇ? ದೊಡ್ಡಿ ಎಂದರೆ ಪುಂಡು ದನ ಕೂಡಿಹಾಕಿ ದಂಡ ಕಟ್ಟಿಸಿಕೊಳ್ಳುವ ಜಾಗ ನೆನಪಾಗುತ್ತದೆ. ಅದು ಖಂಡಿತ ಬೇಡ.

ಅದರ ಮಗ್ಗುಲಲ್ಲೇ ಲೆಖೊಟ್ಲಾ, ಊರ ಹಿರಿಯರು ಮರದಡಿ ಕೂತು ಮಾತಾಡಿ ತೀರ್ಮಾನಿಸುವ ಜಾಗ. ಇದಕ್ಕೆ ‘ಕಟ್ಟೆ’ ಸಾಕು, ಚರ್ಚೆಯೇ ಬೇಡ. ನೆರಳು ಕೊಡುವ ಮರದ ಬಗ್ಗೆ ಮಾತ್ರ ಒಂದು ಮಾತು. ಉಮ್ಲಾಹ್ಲಾಂಕೋಸಿ ಎಂಬ ಆ ಮರ ನಮ್ಮ ಎಲಚಿಯ ಕುಲದ್ದೇ. ಜೋಡಿಮುಳ್ಳಿನಲ್ಲಿ ಒಂದು ನೆಟ್ಟಗೆ ಮುಂದಕ್ಕೆ ಚಾಚಿರುತ್ತದೆ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತದೆ. ಊರಿನಿಂದ ದೂರದಲ್ಲಿ ಸತ್ತವರ ಜೀವವನ್ನು ಜುಲು ಜನ ಈ ಮರದ ಕೊಂಬೆಯಲ್ಲಿ ಮನೆಗೆ ಕರೆತರುತ್ತಾರೆ. ಬಸ್ಸಿನಲ್ಲಿ ತರುವಾಗ ಕೊಂಬೆಗೆಂದು ಇನ್ನೊಂದು ಟಿಕೆಟ್ ಕೊಳ್ಳುವುದೂ ಉಂಟು. ಗಡಿಯಾಚೆ ಅಜ್ಞಾತವಾಗಿ ಮಡಿದವರನ್ನು ನೆನೆಯುವ ಜಾಗದಲ್ಲಿ ಬೇರೆ ಯಾವ ಮರ ನೆಟ್ಟರೂ ಕಡಿಮೆಯೇ ಆಗುತ್ತಿತ್ತು. ಎಲಚಿ, ಬಾರಿ, ಬೋರೆ – ಯಾವ ಹೆಸರು ಬಳಸಿದರೆ ಹೆಚ್ಚು ಮಕ್ಕಳಿಗೆ ಗುರುತು ಸಿಗುತ್ತದೆ?

ಮತ್ತೆ ಇಸಿವಿವಾನೆಗೆ ಬರುತ್ತೇನೆ. ‘ಕಲ್ಲುರಾಶಿ’ ಎಂದರೆ ಮನೆ ಕಟ್ಟುವವರು ಸುರಿಸಿದ್ದು ಎಂದಾಗುತ್ತದೆ. ‘ಕಲ್ಗುಪ್ಪೆ’ ಚೆನ್ನಾಗಿದೆ, ಆದರೆ ಅದರಲ್ಲಿ ಕಲ್ಲು ಹಾಕಿದವರ ಕೈ ಕಾಣುವುದಿಲ್ಲ. ಆಚರಣೆಯಂತೂ ನಮ್ಮಲ್ಲೂ ಇದೆ. ಮಂಡ್ಯದ ಹತ್ತಿರ ಕಾಡುಬಸಪ್ಪನಿಗೆ ಭಕ್ತರು ಕಲ್ಲನ್ನೇ ಕಾಣಿಕೆಯಾಗಿ ಒಪ್ಪಿಸುತ್ತಾರೆ. ಘಟ್ಟದ ಹಾದಿಗಳಲ್ಲಿ ಸೊಪ್ಪಿನ ಕುಡಿಯೊಂದನ್ನು ಹಾಕಿ ಮುಂದೆ ಹೋಗುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಆಚರಣೆಯಿದ್ದ ಮೇಲೆ ಅದಕ್ಕೊಂದು ಹೆಸರೂ ಇರಲೇಬೇಕು.

‘ಹುತಾತ್ಮ’ದ ತೊಡಕು ಇನ್ನೂ ಆಳದ್ದು. ಅಲ್ಲಿ ಸಿಖುಂಬುಟೊ ಎಂಬ ಭಾಗದಲ್ಲಿ (ಸ್ವಾತಿ ಭಾಷೆಯಲ್ಲಿ ನೆನಪಿನ ಜಾಗ) 697 ಮೀಟರ್ ಉದ್ದದ ಹೆಸರುಗಳ ಗೋಡೆಯಿದೆ. 75,000ಕ್ಕೂ ಹೆಚ್ಚು ಹೆಸರುಗಳು. ವಸಾಹತು ಪೂರ್ವದ ಯುದ್ಧಗಳು, ಗುಲಾಮಗಿರಿ, ನರಮೇಧ, ಪ್ರತಿರೋಧದ ಯುದ್ಧಗಳು, ಬ್ರಿಟಿಷರಿಗೂ ಬೋಯರರಿಗೂ (ಡಚ್ ಮೂಲದ ಬಿಳಿಯ ರೈತರು) ನಡೆದ ಯುದ್ಧ, ಎರಡು ಮಹಾಯುದ್ಧಗಳು, ಕೊನೆಗೆ ವಿಮೋಚನಾ ಹೋರಾಟ, ಹೀಗೆ ಎಂಟು ಸಂಘರ್ಷಗಳಲ್ಲಿ ಸತ್ತವರು. ಹುತಾತ್ಮನೆಂದರೆ ತನ್ನನ್ನು ತಾನೇ ಆಹುತಿ ಕೊಟ್ಟವನು. ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಸತ್ತ ಗುಲಾಮ ಯಾವ ಆಹುತಿಯನ್ನೂ ಆರಿಸಿಕೊಳ್ಳಲಿಲ್ಲ. ಅವನನ್ನು ಹುತಾತ್ಮ ಎಂದರೆ ಕೊಂದವರ ಪಾಪ ಮಾತಿನಲ್ಲೇ ತೊಳೆದುಹೋಗುತ್ತದೆ. ನಾನು ‘ಮಡಿದವರು’ ಎಂದು ಬರೆಯುತ್ತಿದ್ದೇನೆ. ಅದರಲ್ಲಿ ಗೌರವವಿದೆ, ಸುಳ್ಳಿಲ್ಲ.

ಪದದ ಭಾರ ಎಷ್ಟೆಂಬುದಕ್ಕೆ ಆ ಗೋಡೆಯೇ ಸಾಕ್ಷಿ. ವರ್ಣಭೇದ ಸರ್ಕಾರದ ಸೇನೆಯಲ್ಲಿ ಸತ್ತ ಸೈನಿಕರ ಹೆಸರನ್ನು ಅಲ್ಲಿ ಕೆತ್ತಲಿಲ್ಲ. ಅದರಿಂದ ನೊಂದವರು ಎದುರು ಗುಡ್ಡದಲ್ಲಿ ಬೋಯರ್ ವಲಸಿಗರ ನೆನಪಿಗೆ ಕಟ್ಟಿದ ಫೋರ್ಟ್ರೆಕರ್ ಸ್ಮಾರಕದ ಬಳಿ ತಮ್ಮದೇ ಗೋಡೆ ಕಟ್ಟಿಕೊಂಡರು. ಎರಡು ಗುಡ್ಡಗಳನ್ನು ಸೇರಿಸುವ ರಸ್ತೆ ತೆರೆದದ್ದು 2011ರ ಡಿಸೆಂಬರ್ 16ರಂದು. ಡಿಸೆಂಬರ್ 16 ಅಲ್ಲಿ ‘ಡೇ ಆಫ್ ರೆಕನ್ಸಿಲಿಯೇಷನ್’. ಅದನ್ನು ‘ರಾಜಿಯ ದಿನ’ ಎಂದು ಬರೆಯಲು ಹೊರಟು ಕೈ ತಡೆದೆ. ನಮ್ಮ ‘ರಾಜಿ’ಯಲ್ಲಿ ಸೋತು ಒಪ್ಪಿಕೊಂಡ ಕೋರ್ಟಿನ ವಾಸನೆಯಿದೆ. ‘ಸಾಮರಸ್ಯ’ ಭಾಷಣಗಳಲ್ಲಿ ಸವೆದಿದೆ. ಮುನಿದ ಅಣ್ಣತಮ್ಮಂದಿರು ಮತ್ತೆ ಮಾತಾಡತೊಡಗಿದರೆ ನಾವು ‘ಒಂದಾದರು’ ಎನ್ನುತ್ತೇವಲ್ಲ, ಹಾಗೆ ‘ಒಂದಾಗುವ ದಿನ’ ಎನ್ನಬಹುದೇ?

ಫ್ರೀಡಂ ಪಾರ್ಕಿನ ವಸ್ತುಸಂಗ್ರಹಾಲಯದ ಹೆಸರು ಹಪೊ. ಖೋಯಿ ಮಾತಿನಲ್ಲಿ ಕನಸು. ಊರೆಲ್ಲ ಹಂಚಿಕೊಳ್ಳುವ ತನಕ ಕನಸು ಕನಸಲ್ಲ ಎಂಬ ಗಾದೆಯಿಂದ ತೆಗೆದದ್ದು. ಮೊದಲಕ್ಷರಕ್ಕೆ ಮುಂಚೆ ನಾಲಿಗೆಯ ಪಕ್ಕದಿಂದ ‘ಚ್ಲಕ್’ ಎನ್ನುವ ಸದ್ದಿದೆ. ಗಾಡಿ ಹೊಡೆಯುವವರು ಕುದುರೆಯನ್ನು ಮುಂದೆ ಬಿಡಲು ಮಾಡುವ ಸದ್ದೇ. ಬರಹದಲ್ಲಿ ಅದಕ್ಕೆ ಎರಡು ಗೀಟು ಹಾಕುತ್ತಾರೆ. ಕನ್ನಡದಲ್ಲಿ ‘॥ಹಪೊ’ ಎಂದರೆ ನಮ್ಮವರು ಹಿಂದಿನ ಪದ್ಯ ಮುಗಿಯಿತೆಂದು ತಿಳಿಯುತ್ತಾರೆ. ಗೀಟು ಬಿಟ್ಟು, ಸದ್ದನ್ನು ಮಾತಿನಲ್ಲಿ ವಿವರಿಸುವುದೇ ದಾರಿ ಎನಿಸಿದೆ.

ದಣಿವಾರಿಸಿಕೊಳ್ಳುವ ಜಾಗಕ್ಕಿರುವ ಆಫ್ರಿಕಾನ್ಸ್ ಹೆಸರು ಔಟ್‌ಸ್ಪಾನ್‌ಪ್ಲೆಕ್, ಎತ್ತುಗಳ ನೊಗ ಇಳಿಸುವ ತಾಣ. ವರ್ಣಭೇದದ ಕಾಲದಲ್ಲಿ ಆಳಿದವರ ಭಾಷೆಯ ಪದವನ್ನೂ ಅಲ್ಲಿ ಉಳಿಸಿಕೊಂಡಿದ್ದಾರೆ. ಅದು ನನಗೆ ಬಹಳ ಹಿಡಿಸಿತು. ಉತ್ತರ ಕರ್ನಾಟಕದವರ ‘ಕೊಳ್ಳು ಹರಿಯುವುದು’ ಇದಕ್ಕೆ ತದ್ರೂಪ. ‘ಕೊಳ್ಳು ಹರಿಯುವ ತಾಣ’ ಎಂದರೆ ಮೈಸೂರು ಕಡೆಯ ಮಗು ತಬ್ಬಿಬ್ಬಾಗುತ್ತದೆ, ‘ಗಾಡಿ ಬಿಡುವ ತಾಣ’ ಎಂದರೆ ಪಾರ್ಕಿಂಗ್ ಎಂದುಕೊಳ್ಳುತ್ತದೆ.

‘ಪಾರಂಪರಿಕ’ವನ್ನು ಬಿಟ್ಟೇಬಿಟ್ಟೆ. ಏನನ್ನೂ ಹೇಳುತ್ತಿರಲಿಲ್ಲ.

ಇಷ್ಟು ಉದ್ದ ಬರೆದದ್ದಕ್ಕೆ ಒಂದು ಕಾರಣವಿದೆ. ‘ಸತ್ಯಾಗ್ರಹ’ ಎಂಬ ಪದ ಹುಟ್ಟಿದ್ದು ಅದೇ ನೆಲದಲ್ಲಿ, ಇಂಥದೇ ಪದಚರ್ಚೆಯಿಂದ. ತಮ್ಮ ಹೋರಾಟಕ್ಕೆ ತಕ್ಕ ಹೆಸರು ಬೇಕೆಂದು ಗಾಂಧಿ ಪತ್ರಿಕೆಯಲ್ಲಿ ಕೇಳಿದಾಗ ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು, ಗಾಂಧಿ ಅದನ್ನು ತಿದ್ದಿ ‘ಸತ್ಯಾಗ್ರಹ’ ಮಾಡಿದರು. ಹೆಸರು ಸರಿಯಾಗಿ ಬೀಳುವ ತನಕ ಅವರು ಸುಮ್ಮನಾಗಲಿಲ್ಲ.

ಈ ತಿಂಗಳ ಕೊನೆಗೆ ಬರಹ ಅಚ್ಚಿಗೆ ಹೋಗಬೇಕು. ಬನ, ರೊಪ್ಪ, ಒಂದಾಗುವ ದಿನ – ಇವುಗಳ ಬಗ್ಗೆ ಒಪ್ಪಿಗೆಯಿದ್ದರೂ ಆಕ್ಷೇಪವಿದ್ದರೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಮಲೆನಾಡು, ಕರಾವಳಿ, ಬೆಳಗಾವಿ, ಕೋಲಾರ, ಯಾವ ಕಡೆಯವರಾದರೂ ಸರಿ, ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ: ದಾರಿಯಲ್ಲಿ ಹೋಗುವವರೆಲ್ಲ ಒಂದು ಕಲ್ಲನ್ನೋ ಸೊಪ್ಪನ್ನೋ ಹಾಕಿ ಮುಂದೆ ಹೋಗುವ ಆ ಗುಡ್ಡೆಗೆ ನಿಮ್ಮಲ್ಲಿ ಏನೆಂದು ಕರೆಯುತ್ತಾರೆ?