ಮಳೆ ಬರುವ ಮೊದಲೇ ಟ್ಯಾಂಕ್ ಖಾಲಿ ಮಾಡೋ ವಾಲ್ವ್: ಹಾಕಿಸಿದವರು ಇದ್ದೀರಾ?

ಪ್ರಶ್ನೆ: ನಮ್ಮ ಬೀದಿ ತಗ್ಗಿನಲ್ಲಿದೆ. ಜೋರು ಮಳೆ ಬಂದರೆ ಚರಂಡಿ ಉಕ್ಕಿ ಬೇಸ್‌ಮೆಂಟ್‌ಗೆ ನೀರು ನುಗ್ಗುತ್ತದೆ. ಎರಡು ತಿಂಗಳು ಕಳೆದರೆ ಅದೇ ಮನೆಯಲ್ಲಿ ಗಿಡಕ್ಕೆ ಹಾಕಲೂ ನೀರಿರುವುದಿಲ್ಲ. ತಾರಸಿ 100 ಚದರ ಮೀಟರ್, ಮಳೆನೀರಿಗೆ 5,000 ಲೀಟರ್ ಟ್ಯಾಂಕ್ ಇದೆ. ಸೆನ್ಸರ್ ಹಾಕಿ, ಹವಾಮಾನ ಮುನ್ಸೂಚನೆ ನೋಡಿಕೊಂಡು ತಾನೇ ತೆರೆಯುವ ವಾಲ್ವ್ ಜೋಡಿಸುವ ಯೋಚನೆ. ಉಪಯೋಗ ಇದೆಯಾ, ಇಲ್ಲ ಸುಮ್ನೆ ಆಟಿಕೆಯಾ?

ಉತ್ತರ 1: ಮೂರು ಮಳೆಗಾಲದಿಂದ ಬಳಸ್ತಿದ್ದೇನೆ. ಉಪಯೋಗ ಇದೆ, ಆದರೆ ಮೊದಲು ಲೆಕ್ಕ ಹಾಕಿಕೊಳ್ಳಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಿಮ್ಮ ತಾರಸಿಗೆ 50 ಮಿ.ಮೀ. ಬಿದ್ದರೆ 5,000 ಲೀಟರ್. ಚಿಮ್ಮಿ, ಹೀರಿ ಹೋಗಿದ್ದು ಕಳೆದರೂ 4,000ಕ್ಕೆ ಮೋಸವಿಲ್ಲ. ಅಂದರೆ ಟ್ಯಾಂಕ್ ಖಾಲಿ ಇದ್ದರೆ ಒಂದು ದೊಡ್ಡ ಮಳೆಯನ್ನೇ ನುಂಗುತ್ತದೆ. ತುಂಬಿದ್ದರೆ ಬಂದಷ್ಟೂ ಚರಂಡಿಗೆ. ನೀರು ಉಳಿಸಲು ಟ್ಯಾಂಕ್ ತುಂಬಿರಬೇಕು, ನೆರೆ ತಡೆಯಲು ಖಾಲಿ ಇರಬೇಕು. ಈ ಜಗಳ ಬಿಡಿಸೋದಷ್ಟೇ ಆ ವಾಲ್ವ್‌ನ ಕೆಲಸ.

ಮೊದಲ ವರ್ಷ ನಾನು ಮಾಡಿದ ತಪ್ಪು: ಮುನ್ಸೂಚನೆ ಬಂದ ಕೂಡಲೇ ಪೂರ್ತಿ ಖಾಲಿ ಆಗುವಂತೆ ಇಟ್ಟಿದ್ದೆ. ಮೂರು ಸಲ ಮೋಡ ಹಾಗೇ ತೇಲಿ ಹೋಯಿತು. ತುಂಬಿದ ಟ್ಯಾಂಕಿನ ನೀರೆಲ್ಲ ಹರಿದು ಹೋಗಿ, ಆಕಾಶ ಬಿಳುಚಿಕೊಂಡು ನಿಂತಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ! ಈಗ ಎಷ್ಟು ಬರಬಹುದೋ ಅಷ್ಟಕ್ಕೆ ಮಾತ್ರ ಜಾಗ ಮಾಡುತ್ತೇನೆ. 20 ಮಿ.ಮೀ. ಅಂದರೆ ಸುಮಾರು 1,700 ಲೀಟರ್. ಅದನ್ನೂ ಹಿಂದಿನ ರಾತ್ರಿಯೇ, ಸಾಧ್ಯವಾದಷ್ಟು ಇಂಗುಗುಂಡಿಗೆ. ಮಳೆ ಶುರುವಾದ ಮೇಲೆ ಬಿಟ್ಟರೆ ತುಂಬಿದ ಚರಂಡಿಗೆ ನಾವೇ ಇನ್ನಷ್ಟು ಸುರಿದ ಹಾಗೆ, ಅಲ್ವಾ?

ಉತ್ತರ 2: ವಾಲ್ವ್ ತಗೊಳ್ಳುವಾಗ ಹುಷಾರು. ನಾನು ಮೊದಲು ಸಾಮಾನ್ಯ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟರೆ ಕಾಂತದಿಂದ ತೆರೆಯುವಂಥದ್ದು) ಹಾಕಿಸಿದೆ. ಟಕ್ ಅಂತ ಸದ್ದು ಬರುತ್ತಿತ್ತು, ನೀರು ಮಾತ್ರ ದಾರದಷ್ಟು. ಎರಡು ದಿನ ಪೈಪ್ ಬಿಚ್ಚಿ ಕಸ ಹುಡುಕಿದೆ. ಕೊನೆಗೆ ಗೊತ್ತಾಯಿತು, ಅಂಥ ಎಷ್ಟೋ ವಾಲ್ವ್‌ಗಳು ಪೂರ್ತಿ ತೆರೆಯಲು ನೀರಿನ ಒತ್ತಡ ಬೇಕು. ಒಂದು ಮೀಟರ್ ಎತ್ತರದ ನೀರು ಕೊಡೋದು ಬರೀ 0.1 ಬಾರ್. ಮೋಟರ್‌ನಿಂದ ತಿರುಗುವ ಬಾಲ್ ವಾಲ್ವ್ ಹಾಕಿದೆ, ಸರಿಹೋಯಿತು.

ಕರೆಂಟ್ ಹೋಗೋದು, ವೈಫೈ ಸಾಯೋದು ಬಿರುಮಳೆಯ ಹೊತ್ತಿನಲ್ಲೇ. ಓವರ್‌ಫ್ಲೋ ಪೈಪ್ ಯಾವ ಸೆನ್ಸರ್‌ನ ಹಂಗೂ ಇಲ್ಲದೆ ಕೆಲಸ ಮಾಡುವಂತಿರಲಿ. ವಾಲ್ವ್ ಕೈಯಲ್ಲೂ ತಿರುಗಬೇಕು.

ಉತ್ತರ 3: ನೀರಿನ ಮಟ್ಟ ಅಳೆಯಲು ಟ್ಯಾಂಕಿನ ಮೇಲ್ಗಡೆ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಅಲೆ ಕಳಿಸಿ ದೂರ ಅಳೆಯುವಂಥದ್ದು) ಹಾಕಿದ್ದೆ. ಬೆಳಗ್ಗೆ ಅದರ ಮುಖದ ಮೇಲೆ ಹನಿ ಕಟ್ಟಿಕೊಂಡು, ಅರ್ಧ ಖಾಲಿ ಟ್ಯಾಂಕನ್ನೇ ತುಂಬಿದೆ ಅಂತ ತೋರಿಸುತ್ತಿತ್ತು. ವಾಟರ್‌ಪ್ರೂಫ್ ನಮೂನೆಯವು ತೀರಾ ಹತ್ತಿರದ ನೀರನ್ನು ಗುರುತಿಸವು, ಟ್ಯಾಂಕ್ ತುಂಬಿದಾಗ ನೀರು ನಿಲ್ಲುವ ಮಟ್ಟದಿಂದ ಒಂದು ಗೇಣು ಮೇಲೆ ಕೂರಿಸಿ. ಈಗ ತಳದಲ್ಲಿ ಒತ್ತಡದ ಸೆನ್ಸರ್ ಇಟ್ಟಿದ್ದೇನೆ, ಆ ತಕರಾರಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಬೇಸ್‌ಮೆಂಟ್ ಉಳಿಯುತ್ತಾ?

ಉತ್ತರ 4: ನಿಮ್ಮ ಒಂದು ಟ್ಯಾಂಕಿನಿಂದ ಉಳಿಯೋದು ಕಷ್ಟ. ಬೀದಿಯ ನೀರು ಚರಂಡಿ ಪೈಪಿನಿಂದ ವಾಪಸ್ ಬರುತ್ತಿರಬಹುದು. ಅದಕ್ಕೆ ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಬೇಕು, ಬ್ಯಾಟರಿ ಇರುವ ಪಂಪ್ ಬೇಕು. ಟ್ಯಾಂಕಿನ ಲಾಭ ಬೀದಿಯವರೆಲ್ಲ ಸೇರಿದಾಗ ಕಾಣುತ್ತದೆ. ದಕ್ಷಿಣ ಕೊರಿಯಾದ ಸಿಯೋಲ್‌ನ ಸ್ಟಾರ್ ಸಿಟಿ ಎಂಬ ವಸತಿ ಸಂಕೀರ್ಣದಲ್ಲಿ ನೆಲದಡಿ ತಲಾ 1,000 ಟನ್ನಿನ ಮೂರು ಟ್ಯಾಂಕ್‌ಗಳಿವೆ: ಒಂದು ನೆರೆ ತಡೆಯಲು, ಒಂದು ದಿನಬಳಕೆಗೆ, ಇನ್ನೊಂದು ತುರ್ತಿಗೆ. ನಮ್ಮ ಬೀದಿಯಲ್ಲಿ ಆರು ಮನೆಯವರು ಒಪ್ಪಿದ್ದೇವೆ, ಏಳನೆಯವರ ಟ್ಯಾಂಕಿನ ಜಾಲರಿಯಲ್ಲಿ ಇನ್ನೂ ಹೋದ ವರ್ಷದ ಎಲೆಗಳೇ ಇವೆ.