ರಾತ್ರಿ ಮಲಗಿದ ಮೇಲೆ ಗಂಟಲಿಗೆ ಹುಳಿ ನೀರು ಬರುತ್ತದೆ

ಪ್ರಶ್ನೆ:
ನನಗೆ 43 ವರ್ಷ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಅಂಗಡಿ ಮುಚ್ಚುವುದು ರಾತ್ರಿ ಒಂಬತ್ತೂವರೆಗೆ. ಮನೆಯಲ್ಲಿ ಊಟ ಮುಗಿಯುವಾಗ ಹತ್ತೂವರೆ. ದಣಿವಿಗೆ ಹನ್ನೊಂದರೊಳಗೆ ಮಲಗಿಬಿಡುತ್ತೇನೆ. ಎರಡು ತಿಂಗಳಿಂದ ನಡುರಾತ್ರಿ ಎದೆ ಉರಿದು ಎಚ್ಚರವಾಗುತ್ತದೆ, ಬೆಳಿಗ್ಗೆ ಧ್ವನಿ ಒಡೆದಿರುತ್ತದೆ. ದಿನವಿಡೀ ಗಿರಾಕಿಗಳೊಂದಿಗೆ ಮಾತನಾಡಬೇಕಾದವನು ನಾನು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವ ಅಭ್ಯಾಸವಿದೆ. ತಣ್ಣನೆಯ ಹಾಲು ಕುಡಿದರೆ ಸ್ವಲ್ಪ ಹೊತ್ತು ನೆಮ್ಮದಿ, ಮತ್ತೆ ಅದೇ ಉರಿ. ಅಡುಗೆ ಸೋಡಾ ಕುಡಿಯಿರಿ ಎಂದು ಒಬ್ಬರು ಹೇಳಿದರು. ರಕ್ತದೊತ್ತಡ ಇರುವುದರಿಂದ ಹೆದರಿಕೆ. ದಿಂಬಿನ ಮೇಲೆ ದಿಂಬು ಇಟ್ಟುಕೊಂಡೂ ನೋಡಿದೆ. ಏನು ಮಾಡಲಿ?

ಉತ್ತರ 1:
ಅಣ್ಣ, ಆ ಹೆಚ್ಚುವರಿ ದಿಂಬನ್ನು ಇಂದೇ ತೆಗೆದುಬಿಡಿ. ಅದರಿಂದ ಕುತ್ತಿಗೆ ಮಾತ್ರ ಏರುತ್ತದೆ, ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ನಮ್ಮ ತಂದೆಗೂ ಇದೇ ಕಾಟವಿತ್ತು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಅಂಗುಲದ ಮರದ ತುಂಡುಗಳನ್ನು ಇಟ್ಟೆವು. ಮೊದಲು ಇಟ್ಟಿಗೆ ಇಟ್ಟಾಗ ಮಂಚ ಒಂದು ರಾತ್ರಿ ಜಾರಿತ್ತು. ಆದ್ದರಿಂದ ಬಡಗಿಯಿಂದ ಪ್ರತಿ ತುಂಡಿನ ಮೇಲೆ ನಡುವೆ ಕುಳಿ ತೆಗೆಸಿ, ಮಂಚದ ಕಾಲು ಅದರೊಳಗೆ ಕೂರುವಂತಿರಲಿ. ಎಡ ಮಗ್ಗುಲಿಗೆ ಮಲಗಿ. ಆಗ ಜಠರದ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ಉಳಿಯುತ್ತದೆ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಲೇಬೇಕು.

ಉತ್ತರ 2:
ನಾನು ಔಷಧಿ ಅಂಗಡಿ ನಡೆಸುತ್ತೇನೆ. ಸೋಡಾದಲ್ಲಿ ಸೋಡಿಯಂ ಇದೆ, ನೀವು ಹೆದರಿದ್ದು ಸರಿಯೇ. ವೈದ್ಯರನ್ನು ಕಂಡಾಗ ರಕ್ತದೊತ್ತಡದ ಮಾತ್ರೆಯನ್ನೂ ತೋರಿಸಿ. ಅಮ್ಲೋಡಿಪಿನ್‌ನಂತಹ ಕೆಲವು ಮಾತ್ರೆಗಳು ಅನ್ನನಾಳದ ಕೆಳತುದಿಯ ಸ್ನಾಯುವನ್ನು ಸಡಿಲಿಸಬಲ್ಲವು, ಆಗ ಆಮ್ಲ ಮೇಲೇರುತ್ತದೆ. ನೀವಾಗಿಯೇ ನಿಲ್ಲಿಸಬೇಡಿ. ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ. ಉರಿ ಬಂದ ಮೇಲೆ ನುಂಗಿ, ಕೆಲಸ ಮಾಡಲಿಲ್ಲ ಎಂದು ಮರಳಿ ಬರುವವರನ್ನು ದಿನವೂ ನೋಡುತ್ತೇನೆ. ಅನ್ನ ಗಂಟಲಲ್ಲಿ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿ. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು ಗ್ಯಾಸ್ ಎಂದುಕೊಳ್ಳಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ:
ಇಬ್ಬರಿಗೂ ಕೈಮುಗಿಯುತ್ತೇನೆ. ವೈದ್ಯರು ರಕ್ತದೊತ್ತಡದ ಮಾತ್ರೆ ಬದಲಿಸಿದರು. ಈಗ ಏಳೂವರೆಗೆ ಅಂಗಡಿಯ ಗೋದಾಮಿನಲ್ಲೇ ಕುಳಿತು ಡಬ್ಬಿಯ ಎರಡು ಜೋಳದ ರೊಟ್ಟಿ, ಪಲ್ಯ ಉಣ್ಣುತ್ತೇನೆ. ಮನೆಗೆ ಬಂದ ಮೇಲೆ ನೀರು ಮಾತ್ರ. ಬಜ್ಜಿ ಬಿಟ್ಟಿದ್ದೇನೆ. ಈ ಮೂರು ವಾರಗಳಲ್ಲಿ ಉರಿಯಿಂದ ಎಚ್ಚರವಾದದ್ದು ಎರಡೇ ಸಲ, ಎರಡೂ ಮದುವೆ ಊಟ ಮಾಡಿದ ರಾತ್ರಿಗಳು. ಧ್ವನಿ ಮರಳಿದೆ. ಒಂದೇ ಸಂಗತಿ ಉಳಿದಿದೆ ಅಕ್ಕ: ಮಂಚ ಎತ್ತರಿಸಿದ ಮೇಲೆ ಹಾಸಿಗೆ ರಾತ್ರಿಯಿಡೀ ಕಾಲಿನ ಕಡೆಗೆ ಜರುಗುತ್ತದೆ. ನಿಮ್ಮ ತಂದೆಯವರಿಗೆ ಏನು ಮಾಡಿದಿರಿ?

ಉತ್ತರ 1:
ಹಾಸಿಗೆಯ ಕೆಳಗೆ ರಬ್ಬರಿನ ಜಾಲರಿ ಚಾಪೆ ಹಾಸಿದೆವು ಅಣ್ಣ. ಮತ್ತೆ ಜರುಗಲಿಲ್ಲ.