ಅಪ್‌ಡೇಟ್: ಮನೆಯೊಳಗೆ ಕಪ್ಪು ಬೆಕ್ಕಿನ ಫೋಟೊ

ನಮ್ಮ ಕಪ್ಪು ಬೆಕ್ಕು ಮನೆಯೊಳಗಿನ ಫೋಟೊಗಳಲ್ಲಿ ಬೂದುಬಣ್ಣಕ್ಕೆ ತಿರುಗಿ, ಅಲುಗಾಡಿದಂತೆ ಕಾಣುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕ್ಯಾಮೆರಾದ ಮೀಟರ್ (ಬೆಳಕನ್ನು ಅಳೆಯುವ ಭಾಗ) ಎದುರಿಗಿರುವುದನ್ನೆಲ್ಲ ನಡುವಣ ಬೂದುಬಣ್ಣವೆಂದೇ ಎಣಿಸುವುದರಿಂದ, ಕಪ್ಪು ತುಪ್ಪಳ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಬೇಕಾದುದಕ್ಕಿಂತ ಹೆಚ್ಚು ಬೆಳಕು ಪಡೆಯಲು ಶಟರನ್ನು (ಬೆಳಕನ್ನು ಒಳಬಿಡುವ ಪರದೆಯನ್ನು) ನಿಧಾನಗೊಳಿಸುತ್ತದೆ ಎಂಬ ವಿವರಣೆಯಿಂದ ಎರಡೂ ದೋಷಗಳ ಮೂಲ ತಿಳಿಯಿತು. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಗಾಢ ಅಥವಾ ತಿಳಿಯಾಗಿಸುವ ಹೊಂದಾಣಿಕೆ) ಅನ್ನು −1ಕ್ಕೆ ಇಳಿಸಿ, ಶಟರ್ ವೇಗವನ್ನು 1/250 ಸೆಕೆಂಡಿಗೆ ನಿಗದಿಪಡಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಲು ಬಿಟ್ಟೆ. ಅದರಿಂದ ಬರುವ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳಾದ ಚುಕ್ಕೆಗಳು) ಅಲುಗಾಟಕ್ಕಿಂತ ಎಷ್ಟೋ ವಾಸಿ. ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸವಾದದ್ದು ಕಿಟಕಿಯಿಂದ: ಬೆಳಕು ಪಕ್ಕದಿಂದ ಬೀಳುವಂತೆ ನಾನು ನೆಲದ ಮೇಲೆ ಮಲಗಿ, ಬೆಕ್ಕಿನ ಹತ್ತಿರದ ಕಣ್ಣಿಗೆ ಫೋಕಸ್ ಮಾಡಿದಾಗ ತುಪ್ಪಳದ ಒಂದೊಂದು ಎಳೆಯೂ ಬಿಡಿಯಾಗಿ ಕಂಡಿತು. ಕಣ್ಣಿನ ಹಿಂಭಾಗದ ಪ್ರತಿಫಲಕ ಪದರದಿಂದ ಕಣ್ಣುಗಳು ಹಸಿರಾಗಿ ಉರಿಯುವ ಕಾರಣ ಫ್ಲ್ಯಾಷ್ ಬಳಸಲಿಲ್ಲ. ನಮ್ಮ ಬೆಕ್ಕು ಮೈಮುರಿಯುವ ಕ್ಷಣವನ್ನು ಮಾತ್ರ ಇನ್ನೂ ಹಿಡಿಯಬೇಕಾಗಿದೆ.